ಪಿಕಪ್ಪಿನ ಹೊಗೆ ಯಾವ ಕಡೆಗೆ? ಪಕ್ಕಕ್ಕೋ, ಹಿಂದಕ್ಕೋ, ಮೇಲಕ್ಕೋ

ಅಮೆರಿಕದ ಮಿಶಿಗನ್ನಿನಲ್ಲಿ ಪಿಕಪ್ ಇಟ್ಟುಕೊಂಡವರಿಗೆ ಸೈಲೆನ್ಸರ್ ಬದಲಿಸುವ ಯೋಗ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಗಾಡಿಯ ಅಡಿಯನ್ನೆಲ್ಲ ಮೆಲ್ಲಗೆ ತಿನ್ನುತ್ತದೆ. ನನ್ನ 2016ರ ಫೋರ್ಡ್ ಎಫ್-150ರ ಸರದಿ ಬಂದಾಗ ಮಫ್ಲರ್ ಹಿಂದಿನ ಜಾಯಿಂಟು ತುಕ್ಕು ಹಿಡಿದು ಪುಡಿಪುಡಿಯಾಗಿತ್ತು. ಗಾಡಿಯನ್ನು ಲಿಫ್ಟಿಗೆ ಏರಿಸಿದ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: ಹೊಸ ಪೈಪಿನ ಬಾಯಿ ಎಲ್ಲಿ ಬಿಡೋಣ? ನಾನು ಯೋಚಿಸಿದ್ದು ಸದ್ದಿನ ಬಗ್ಗೆ, ನೋಟದ ಬಗ್ಗೆ, ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಹೆಚ್ಚಾಗಿ ಬಿಲ್ಲಿನ ಬಗ್ಗೆ. ಅಗ್ಗದ ದಾರಿ ಹಿಡಿದೆ. ಎರಡು ಚಳಿಗಾಲ ಅದರ ಫಲ ಉಂಡು, ಮತ್ತೊಮ್ಮೆ ದುಡ್ಡು ತೆತ್ತು ಸರಿಮಾಡಿಸಿಕೊಂಡೆ.

ಅದೇ ಹೊತ್ತಿಗೆ ಅರಸೀಕೆರೆ ಕಡೆ ಬೊಲೆರೊ ಪಿಕಪ್ಪಿನಲ್ಲಿ ತೆಂಗಿನಕಾಯಿ ಸಾಗಿಸುವ ನಮ್ಮಣ್ಣ ಫೋನ್ ಮಾಡಿ, "ಸೈಲೆನ್ಸರ್ ತುದೀನ ಪಕ್ಕಕ್ಕೆ ತಿರುಗಿಸ್ಬೇಕು ಅಂತಿದೀನಿ ಕಣೋ, ಏನಂತೀಯ?" ಅಂದ. ಅವನ ಗಾಡಿ ಬೇರೆ, ನನ್ನದು ಬೇರೆ, ಕಾನೂನೂ ಬೇರೆ. ಆದರೂ ಇಬ್ಬರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ ಎಂದು ನನಗೆ ಆಗ ಹೊಳೆಯಿತು. ಹಿಂದೆ ಏನು ಹೊರುತ್ತೀರಿ? ಪಕ್ಕದಲ್ಲಿ ಯಾರು ನಿಲ್ಲುತ್ತಾರೆ?

ಊರಲ್ಲಿ ಪೆಟ್ರೋಲ್ ಟ್ಯಾಂಕರ್ ನೋಡಿ. ಅದರ ಸೈಲೆನ್ಸರ್ ಮುಂದಿನ ಬಂಪರ್ ಕೆಳಗೇ ಮುಗಿಯುತ್ತದೆ, ಏಕೆಂದರೆ ಬೆನ್ನ ಮೇಲಿರುವುದು ಪೆಟ್ರೋಲು. ಹೊಲದ ಟ್ರ್ಯಾಕ್ಟರಿನ ಹೊಗೆ ಬಾನೆಟ್ಟಿನ ಮೇಲಕ್ಕೆ ಹೋಗುತ್ತದೆ, ಏಕೆಂದರೆ ಕೆಳಗಿರುವುದು ಒಣಹುಲ್ಲು, ಧೂಳು. ಅಮೆರಿಕದ ಹಳದಿ ಶಾಲಾ ಬಸ್ಸುಗಳಲ್ಲಿ ಬಾಗಿಲು ಬಲಕ್ಕಿದ್ದರೆ ಹೊಗೆ ಸಾಮಾನ್ಯವಾಗಿ ಎಡ ಹಿಂಬದಿಯಲ್ಲಿ. ಮಕ್ಕಳು ಸಾಲು ನಿಲ್ಲುವ ಕಡೆಯಲ್ಲಲ್ಲ. ಇವನ್ನೆಲ್ಲ ಕಟ್ಟಿದವರು ಸದ್ದು ಎಷ್ಟು ಗತ್ತಾಗಿದೆ ಎಂದು ನೋಡಿ ಬಾಯಿಯ ಜಾಗ ಗೊತ್ತುಮಾಡಿದವರಲ್ಲ. ಪಿಕಪ್ ಕೊಂಡವರು ಮಾತ್ರ, ನನ್ನನ್ನೂ ಸೇರಿಸಿ, ಅಲ್ಲಿಂದಲೇ ಶುರುಮಾಡುತ್ತೇವೆ.

ಹೆಸರಿನ ಗೊಂದಲ ಮೊದಲು ಕಳೆದುಬಿಡೋಣ. ನಮ್ಮ ಕಡೆ ಎಂಜಿನ್ನಿಂದ ಹಿಂದಿನ ತುದಿಯವರೆಗೆ ಇಡೀ ಕೊಳವೆಗೂ ಸೈಲೆನ್ಸರ್ ಅಂತಲೇ ಹೆಸರು. ಬಿಡಿಸಿ ನೋಡಿದರೆ ಎಂಜಿನ್ ಹತ್ತಿರ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಆಮೇಲೆ ಸದ್ದಡಗಿಸುವ ಮಫ್ಲರ್ ಡಬ್ಬ, ಕೊನೆಗೆ ಟೇಲ್ ಪೈಪ್. ಇಲ್ಲಿ ಹೇಳುತ್ತಿರುವುದೆಲ್ಲ ಮಫ್ಲರ್‌ನಿಂದ ಹಿಂದಿನ ಭಾಗದ ಮಾತು. ಕನ್ವರ್ಟರ್ ಮುಟ್ಟುವ ಹಾಗಿಲ್ಲ. ಅದನ್ನು ಕಿತ್ತುಹಾಕುವುದು ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕ್ಲೀನ್ ಏರ್ ಕಾಯಿದೆಯ ಪ್ರಕಾರ ಅಪರಾಧ. ಮಿಶಿಗನ್ನಿನಲ್ಲಿ ವರ್ಷವರ್ಷ ಹೊಗೆ ತಪಾಸಣೆ ಇಲ್ಲ ಎಂಬ ಧೈರ್ಯದಿಂದ ಕೀಳುವವರಿದ್ದಾರೆ. ತಪಾಸಣೆ ಇಲ್ಲದ ಮಾತ್ರಕ್ಕೆ ಕಾಯಿದೆ ಇಲ್ಲ ಎಂದಾಗುವುದಿಲ್ಲ.

ಕಂಪನಿಯವರು ಬಲಕ್ಕೇ ಯಾಕೆ ಬಿಡುತ್ತಾರೆ

ನನ್ನ ಎಫ್-150 ಕಾರ್ಖಾನೆಯಿಂದ ಬಂದಾಗ ಅದಕ್ಕೆ ಒಂದೇ ಬಾಯಿ. ಬಲಗಡೆ ಹಿಂದಿನ ಚಕ್ರ ದಾಟಿ, ಬಂಪರಿಗಿಂತ ತುಸು ಮುಂದೆ, ಪಕ್ಕಕ್ಕೆ ಓರೆಯಾಗಿ. ಅಮೆರಿಕದ ಸಾಧಾರಣ ಪಿಕಪ್ಪುಗಳಲ್ಲಿ ಹೆಚ್ಚು ಕಾಣುವುದು ಇದೇ ವ್ಯವಸ್ಥೆ. ಅಡಿಗೆ ನುಗ್ಗಿ ನೋಡಿದರೆ ಕಾರಣ ತಾನೇ ಗೊತ್ತಾಗುತ್ತದೆ. ಎಡಗಡೆ ಛಾಸಿಯುದ್ದಕ್ಕೂ ಪೆಟ್ರೋಲ್ ಟ್ಯಾಂಕು ಮಲಗಿದೆ. ನಟ್ಟನಡುವೆ ತಿರುಗುವ ಶಾಫ್ಟು. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಎಕ್ಸೆಲ್ ದಾಟಿದರೆ ಸರಕು ಹೇರುವ ತೊಟ್ಟಿಯ ಕೆಳಗೆ ಸ್ಟೆಪ್ನಿ ನೇತಾಡುತ್ತಿದೆ, ಅದರ ಹಿಂದೆ ಟ್ರೈಲರ್ ಕೊಂಡಿ. ಉಳಿದ ಜಾಗ ಬಲಗಡೆಯ ಓಣಿ ಒಂದೇ.

ಆ ಓಣಿಯಲ್ಲೂ ಪೈಪು ನೇರ ಹೋಗುವಂತಿಲ್ಲ. ಎಕ್ಸೆಲ್ ಮೇಲಿಂದ ಹತ್ತಿ ಇಳಿಯಬೇಕು. ಭಾರ ಹೇರಿದಾಗ, ಗುಂಡಿಗೆ ಬಿದ್ದಾಗ, ಕಮಾನು ಪಟ್ಟಿ ಬಗ್ಗಿ ಎಕ್ಸೆಲ್ ಮೇಲೇಳುತ್ತದೆ. ಅಷ್ಟು ಅಂತರ ಬಿಡದಿದ್ದರೆ ಪ್ರತಿ ಗುಂಡಿಗೂ ಪೈಪಿಗೆ ಒಂದೊಂದು ಏಟು. ಈ ಬಳುಕನ್ನು ಸರಿಯಾಗಿ ಬಗ್ಗಿಸುವುದೇ ಸೈಲೆನ್ಸರ್ ಅಂಗಡಿಯವರ ಕೈಚಳಕ, ದುಡ್ಡು ಹೋಗುವುದೂ ಅಲ್ಲೇ. ಆ ಖರ್ಚು ಉಳಿಸಲು ಹೋಗಿಯೇ ನಾನು ಕೆಟ್ಟದ್ದು.

ಹಿಂದಿನ ಚಕ್ರ ದಾಟಿ ಪಕ್ಕಕ್ಕೆ ಬಿಡುವ ಈ ಕ್ರಮದ ದೊಡ್ಡ ಗುಣ ಎಂದರೆ ಅದು ಕಣ್ಣಿಗೆ ಬೀಳುವುದಿಲ್ಲ, ಕಿವಿಗೂ ಬೀಳುವುದಿಲ್ಲ. ಬಾಯಿ ಕ್ಯಾಬಿನ್ನಿಂದ ದೂರ. ಹೊಗೆ ಗಾಡಿಯ ಬೆನ್ನಿಗೆ ಸುತ್ತಿಕೊಳ್ಳುವ ಮೊದಲೇ ಪಕ್ಕದ ಗಾಳಿಗೆ ಸೇರಿಬಿಡುತ್ತದೆ. ಟ್ರೈಲರ್ ಕೊಂಡಿ ಹಾಕಲು ಮಂಡಿಯೂರಿದವರ ಮುಖಕ್ಕೆ ಊದುವುದಿಲ್ಲ. ಕುಂದಿಲ್ಲವೆಂದಲ್ಲ: ಅಮೆರಿಕದಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಆದ್ದರಿಂದ ಬಲ ಪಕ್ಕವೆಂದರೆ ಕಾಲುದಾರಿಯ ಪಕ್ಕ. ಶಾಲೆಯ ಮುಂದೆ ಎಂಜಿನ್ ಚಾಲೂ ಇಟ್ಟು ಕಾಯುವವರು ಪಕ್ಕದ ಮಗುವಿನ ಎತ್ತರಕ್ಕೇ ಹೊಗೆ ಬಿಡುತ್ತಿರುತ್ತಾರೆ. ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿ ರಸ್ತೆಯ ಬದಿಗೆ ಗುಡ್ಡೆ ಹಾಕಿಹೋದರೆ ಮುಚ್ಚಿಕೊಳ್ಳುವುದೂ ಈ ಬಲಬದಿಯ ಬಾಯಿಯೇ. ಬಾಯಿ ಮುಚ್ಚಿದ್ದಾಗ ಹೀಟರಿಗೆಂದು ಎಂಜಿನ್ ಹಚ್ಚಿ ಕೂತರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬರುತ್ತದೆ. ಮೊದಲು ಸಲಿಕೆ, ಆಮೇಲೆ ಕೀಲಿಕೈ.

ನೇರ ಹಿಂದಕ್ಕೆ, ಬಂಪರ್ ಕೆಳಗೆ ಅಥವಾ ಬಂಪರಿನಲ್ಲೇ

ಈಗಿನ ದುಬಾರಿ ಪಿಕಪ್ಪುಗಳಲ್ಲಿ ಇದೇ ಫ್ಯಾಷನ್ನು. ಫೋರ್ಡ್ ರ‍್ಯಾಪ್ಟರಿನಲ್ಲಿ ಎರಡು ದಪ್ಪ ಬಾಯಿಗಳು ಹಿಂದಕ್ಕೆ ನೋಡುತ್ತವೆ. ರ‍್ಯಾಮ್, ಸಿಲ್ವರಾಡೊಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಬಂಪರಿನಲ್ಲೇ ಕಿಂಡಿ ಬಿಟ್ಟಿರುತ್ತಾರೆ. ನೋಡಲು ಚೆನ್ನ, ಅದರಲ್ಲಿ ಎರಡು ಮಾತಿಲ್ಲ.

ತೊಟ್ಟಿ ಖಾಲಿ ಬಿಟ್ಟು ಆಫೀಸಿಗೆ ಹೋಗಿಬರುವವರಿಗೆ ಇದರಿಂದ ತೊಂದರೆ ಕಡಿಮೆ. ಆದರೆ ಪಿಕಪ್ಪಿನ ಬೆನ್ನಿನ ಹಿಂದೆ ಗಾಳಿ ಹೇಗೆ ವರ್ತಿಸುತ್ತದೆ ಎಂದು ತಿಳಿಯದೆ ಇದನ್ನು ಆರಿಸಬಾರದು. ಮಣ್ಣುರಸ್ತೆಯಲ್ಲಿ ಬಂದ ಬಸ್ಸಿನ ಹಿಂಬದಿ ಗಾಜನ್ನು ನೆನಪಿಸಿಕೊಳ್ಳಿ. ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಬಸ್ಸು ಮುಂದೆ ಹೋಗುತ್ತಿದೆ, ಧೂಳು ಹಿಂದೆ ಉಳಿಯಬೇಕಿತ್ತಲ್ಲ? ಚಪ್ಪಟೆ ಬೆನ್ನಿನ ಗಾಡಿ ಗಾಳಿಯನ್ನು ಸೀಳಿಕೊಂಡು ಹೋದಾಗ ಹಿಂದೆ ಒತ್ತಡ ಕಡಿಮೆಯಾಗಿ, ಅಲ್ಲಿನ ಗಾಳಿ ಸುಳಿದು ಗಾಡಿಯ ಬೆನ್ನಿಗೇ ಮರಳುತ್ತದೆ. ಧೂಳು ಬರುವ ದಾರಿಯಲ್ಲೇ ಹೊಗೆಯೂ ಬರುತ್ತದೆ. ತೊಟ್ಟಿಯ ಮೇಲೆ ಫೈಬರ್ ಮುಚ್ಚಳದ ಗೂಡು ಕೂರಿಸಿದರೆ ಬೆನ್ನು ಇನ್ನೂ ಎತ್ತರ, ಸುಳಿ ಇನ್ನೂ ದೊಡ್ಡದು. ಅದರ ಹಿಂದಿನ ಕಿಟಕಿ ಸ್ವಲ್ಪ ತೆರೆದಿದ್ದರಂತೂ ಹೊಗೆಯನ್ನು ಕೈಹಿಡಿದು ಕರೆದಂತೆ.

ಇದು ಬರೀ ಊಹೆಯಲ್ಲ. 1992ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಪ್ರಕಟಿಸಿದ ವರದಿಯೊಂದಿದೆ. ಪಿಕಪ್ಪಿನ ಹಿಂದೆ ಕೂತು ಪ್ರಯಾಣ ಮಾಡಿ ಕಾರ್ಬನ್ ಮಾನಾಕ್ಸೈಡ್ ವಿಷವೇರಿದ 20 ಮಕ್ಕಳ ಪ್ರಕರಣಗಳನ್ನು ಅವರು ನೋಡಿದ್ದರು. 17 ಮಕ್ಕಳು ಗಟ್ಟಿ ಮುಚ್ಚಳದ ಗೂಡಿನೊಳಗಿದ್ದರು. ಉಳಿದ 3 ಮಕ್ಕಳು ಟಾರ್ಪಾಲಿನ ಅಡಿಯಲ್ಲಿ. ಪ್ರಜ್ಞೆ ತಪ್ಪಿದವರೇ ಹೆಚ್ಚು, ಒಂದು ಮಗು ಉಳಿಯಲಿಲ್ಲ. ಆ ಗಾಡಿಗಳಲ್ಲೆಲ್ಲ ಕಂಡಿದ್ದು ಎರಡರಲ್ಲಿ ಒಂದು: ಸೈಲೆನ್ಸರ್ ಸೋರುತ್ತಿರುವುದು ಮನೆಯವರಿಗೆ ಮೊದಲೇ ಗೊತ್ತಿತ್ತು, ಇಲ್ಲವೇ ಟೇಲ್ ಪೈಪು ಪಕ್ಕಕ್ಕೆ ಬಿಡದೆ ಹಿಂದಕ್ಕೆ ಬಿಟ್ಟಿತ್ತು. ಈ ಕೊನೆಯ ಮಾತು ಓದಿದ ಮೇಲೆ ನನ್ನ ಮಟ್ಟಿಗೆ ಚರ್ಚೆ ಮುಗಿಯಿತು. ಗೂಡು ಹಾಕಿಸುವ ಯೋಚನೆ ಇದ್ದರೆ, ನಾಯಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ರೂಢಿ ಇದ್ದರೆ, ಟೆಂಟ್ ಬದಲು ತೊಟ್ಟಿಯಲ್ಲೇ ಮಲಗುವವರಾದರೆ ಹಿಂದಿನ ಬಾಯಿ ಬೇಡ. ಈಗಿನ ಕನ್ವರ್ಟರುಗಳು ಈ ವಿಷಾನಿಲವನ್ನು ಬಹಳ ಮಟ್ಟಿಗೆ ಸುಡುತ್ತವೆ, ನಿಜ. ಆದರೆ ಅದು ಬಿಸಿಯಾದ ಮೇಲಿನ ಮಾತು. ಚಳಿಯಲ್ಲಿ ಎಂಜಿನ್ ಹಚ್ಚಿದ ಮೊದಲ ಕೆಲ ನಿಮಿಷ ಕನ್ವರ್ಟರ್ ಇನ್ನೂ ನಿದ್ದೆಯಲ್ಲಿರುತ್ತದೆ.

ಇನ್ನು ಚಿಕ್ಕಪುಟ್ಟ ತಕರಾರುಗಳು. ಕಲ್ಲುಗುಡ್ಡ ಹತ್ತಿ ಇಳಿಯುವವರಿಗೆ ಬಂಪರಿನ ಕೆಳಗಿನ ಬಾಯಿಯೇ ಮೊದಲು ನೆಲ ಕಚ್ಚುವುದು. ದೋಣಿಯ ಟ್ರೈಲರನ್ನು ಕೆರೆಯ ಇಳಿಜಾರಿನಲ್ಲಿ ಹಿಂದಕ್ಕೆ ಇಳಿಸುವಾಗ ಬಾಯಿ ನೀರೊಳಗೆ ಹೋಗುತ್ತದೆ. ಎಂಜಿನ್ ಓಡುತ್ತಿರುವವರೆಗೆ ಹೊಗೆಯ ಒತ್ತಡ ನೀರನ್ನು ತಡೆಯುತ್ತದೆ, ಅಲ್ಲೇ ಆರಿಸಿದರೆ ನೀರು ಒಳಗೇರುತ್ತದೆ. ಎಳೆಯುವ ಟ್ರೈಲರಿನ ಮೂತಿಗೆಲ್ಲ ಮಸಿ. ಪ್ಲಾಸ್ಟಿಕ್ ಬಂಪರಿನ ಕಿಂಡಿಯಲ್ಲಿ ಬಾಯಿ ಅಂಚಿನವರೆಗೆ ಬಾರದೆ ಒಳಗೇ ನಿಂತರೆ ಬಂಪರ್ ಬೆಂದು ಬಣ್ಣಗೆಡುತ್ತದೆ.

ತೊಟ್ಟಿಯ ಕೆಳಗೇ ಮುಗಿಸುವುದು: ನಾನು ಮಾಡಿದ ತಪ್ಪು

ಮಫ್ಲರ್ ಮುಗಿದ ಕೂಡಲೇ, ಎಕ್ಸೆಲ್‌ಗೆ ಮುಂಚೆಯೇ ಪೈಪನ್ನು ಕತ್ತರಿಸಿ, ನೆಲಕ್ಕೆ ಬಗ್ಗಿಸಿ ಬಿಟ್ಟುಬಿಡುವುದು. ಎಕ್ಸೆಲ್ ಮೇಲಿನ ಬಳುಕು ಬೇಡ, ತುದಿಯ ಕ್ರೋಮ್ ಬೇಡ, ಅರ್ಧ ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅಂಗಡಿಯವನು "ಇದು ಸಾಕು, ಎಲ್ಲರೂ ಮಾಡಿಸ್ತಾರೆ" ಅಂದ. ನಾನು ತಲೆಯಾಡಿಸಿದೆ.

ಮೊದಲ ವಾರವೇ ಗೊತ್ತಾಯಿತು. ನೆಲಕ್ಕೆ ಬಡಿದ ಸದ್ದು ತಗಡಿನ ತೊಟ್ಟಿಗೆ ಬಡಿದು ಕ್ಯಾಬಿನ್ನೆಲ್ಲ ಗುಂಯ್‌ಗುಟ್ಟುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿಗೆ ನನ್ನ ಎಂಜಿನ್ ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗುತ್ತದೆ. ಎಂಟು ಸಿಲಿಂಡರಿನ ವಿ8 ಎಂಜಿನ್ನಿಗೆ ಒಂದು ಸುತ್ತಿಗೆ ನಾಲ್ಕು ಸಿಡಿತ, ಸೆಕೆಂಡಿಗೆ 30 ಸುತ್ತು, ಅಂದರೆ ಸೆಕೆಂಡಿಗೆ 120 ಸಿಡಿತ. 120 ಹರ್ಟ್ಸಿನ ಆ ಒಂದೇ ಶ್ರುತಿ ತಂಬೂರಿಯ ಹಾಗೆ ಬಿಡದೆ ಮೊಳಗುತ್ತಿರುತ್ತದೆ, ಹಾಡುವವರು ಯಾರೂ ಇಲ್ಲ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ರಂಗದ ಸಾಮಾನು ಹೇರಿಕೊಂಡು ಹೊರಟ ದಿನ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ, "ಇದು ಗಾಡಿನಾ, ಹಿಟ್ಟಿನ ಗಿರಣಿನಾ?" ಎಂದು ಕೂಗಿಯೇ ಕೇಳಬೇಕಾಯಿತು.

ಸದ್ದನ್ನಾದರೂ ಸಹಿಸಬಹುದು, ವಾಸನೆಯನ್ನಲ್ಲ. ನನ್ನ ಗಾಡಿಗೆ ಕ್ಯಾಬಿನ್ ಹಿಂದೆ ಜಾರುವ ಕಿಟಕಿ ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ತೊಟ್ಟಿಯ ಅಡಿಯಲ್ಲಿ ಕಟ್ಟಿಕೊಂಡ ಹೊಗೆ ತೊಟ್ಟಿಗೂ ಕ್ಯಾಬಿನ್ನಿಗೂ ನಡುವಿನ ಸಂದಿಯಲ್ಲಿ ಮೇಲೇರಿ ಆ ಕಿಟಕಿಗೆ ಸಿಗುತ್ತಿತ್ತು. ಬೇಸಿಗೆಯಲ್ಲಿ ಆ ಕಿಟಕಿ ತೆಗೆಯುವುದನ್ನೇ ಬಿಟ್ಟೆವು. ಎರಡನೇ ಚಳಿಗಾಲ ಮುಗಿಯುವ ಹೊತ್ತಿಗೆ ಬಾಯಿಯ ಎದುರಿಗಿದ್ದ ಕಮಾನು ಪಟ್ಟಿಯ ಭಾಗ ಉಳಿದೆಡೆಗಿಂತ ಹೆಚ್ಚು ತುಕ್ಕು ಹಿಡಿದಿತ್ತು. ಪೆಟ್ರೋಲ್ ಉರಿದಾಗ ಹುಟ್ಟುವ ನೀರು ಕಮ್ಮಿಯೇನಲ್ಲ, ಒಂದು ಲೀಟರಿಗೆ ಹೆಚ್ಚುಕಡಿಮೆ ಒಂದು ಲೀಟರು. ಅದೆಲ್ಲ ಬಿಸಿ ಆವಿಯಾಗಿ ಒಂದೇ ಜಾಗಕ್ಕೆ ಹೊಡೆಯುತ್ತಿತ್ತು. ಶರತ್ಕಾಲದಲ್ಲಿ ಒಣ ಎಲೆಗಳ ರಾಶಿಯ ಮೇಲೆ ನಿಲ್ಲಿಸುವಾಗಲೂ ಮನಸ್ಸಿನಲ್ಲಿ ಅಳುಕು.

ಪಂದ್ಯಕ್ಕೆ ಮಾತ್ರ ಓಡಿಸುವ ಗಾಡಿಗೆ ಇದು ಸರಿ. ದಿನಾ ಓಡಿಸುವ ಗಾಡಿಗೆ ಯಾರಾದರೂ ಇದನ್ನೇ ಸೂಚಿಸಿದರೆ, ಅವರಿಗೆ ಎಕ್ಸೆಲ್ ಮೇಲೆ ಪೈಪು ಬಗ್ಗಿಸುವ ಯಂತ್ರ ಇದೆಯೇ ಎಂದು ಮೊದಲು ಕೇಳಿ.

ಹಿಂದಿನ ಚಕ್ರದ ಮುಂದೆ, ಪಕ್ಕಕ್ಕೆ

ಕ್ಯಾಬಿನ್ ಬಾಗಿಲಿಗೂ ಹಿಂದಿನ ಚಕ್ರಕ್ಕೂ ನಡುವೆ ಬಾಯಿ ಬಿಡುವ ಈ ರೀತಿಗೆ ಒಳ್ಳೆಯ ವಂಶಾವಳಿಯೇ ಇದೆ. ಫೋರ್ಡ್ 1999ರಿಂದ 2004ರವರೆಗೆ ಮಾಡಿದ ಲೈಟ್ನಿಂಗ್ ಎಂಬ ವೇಗದ ಪಿಕಪ್ಪಿನಲ್ಲಿ ಕಾರ್ಖಾನೆಯಿಂದಲೇ ಎರಡು ಬಾಯಿಗಳು ಬಲಗಡೆ ಹಿಂದಿನ ಚಕ್ರದ ಮುಂದೆ ಇಣುಕುತ್ತಿದ್ದವು. ಎಕ್ಸೆಲ್‌ನ ರಗಳೆ ಇಲ್ಲ, ಪೈಪು ಗಿಡ್ಡ, ಸ್ಟೆಪ್ನಿಗೂ ಕೊಂಡಿಗೂ ಅಡ್ಡಿಯಿಲ್ಲ.

ಆದರೆ ಲೈಟ್ನಿಂಗಿನಲ್ಲಿ ಹಿಂದಿನ ಸೀಟೇ ಇರಲಿಲ್ಲ. ಈಗಿನ ನಾಲ್ಕು ಬಾಗಿಲಿನ ಪಿಕಪ್ಪಿನಲ್ಲಿ ಇದೇ ಜಾಗವೆಂದರೆ ಹಿಂದೆ ಕೂತ ಮಕ್ಕಳ ಕಿವಿಯ ಕೆಳಗೆ. ಕಿಟಕಿ ಇಳಿಸಿದರೆ ಮೂಗಿಗೂ ಹತ್ತಿರ. ಹತ್ತಿಳಿಯಲು ಪಕ್ಕದಲ್ಲಿ ಮೆಟ್ಟಿಲು ಹಾಕಿಸಿದ್ದರೆ ಬಾಯಿ ಅದನ್ನು ದಾಟಿ ಹೊರಗೆ ಬರಬೇಕು, ಆಗ ಇಳಿಯುವವರ ಕಣಕಾಲಿಗೆ ಬಿಸಿ ತಾಗುತ್ತದೆ. ಇಬ್ಬರೇ ಕೂರುವ ಚಿಕ್ಕ ಕ್ಯಾಬಿನ್ನಿನ ಗಾಡಿಯಾದರೆ ಯೋಚಿಸಬಹುದು. ಸರಕು ಸಾಗಣೆಯ ಟ್ರಕ್ಕುಗಳ ಬಗ್ಗೆ ಅಮೆರಿಕದ ಕೇಂದ್ರ ನಿಯಮ ಕೇಳುವುದೂ ಇಷ್ಟೇ, ಹೊಗೆ ಕ್ಯಾಬಿನ್ನಿನ ಹಿಂದೆ ಹೊರಬೀಳಬೇಕು ಎಂದು.

ಎರಡು ಬಾಯಿ ಇದ್ದರೆ ಬಲ ಹೆಚ್ಚೇ?

ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಮಾತು ಇದು. ಲೆಕ್ಕ ಹಾಕಿ ನೋಡಿ. 3 ಇಂಚಿನ ಒಂದು ಪೈಪಿನ ಬಾಯಿಯ ವಿಸ್ತೀರ್ಣ ಸುಮಾರು 7.1 ಚದರ ಇಂಚು. ಎರಡೂಕಾಲು ಇಂಚಿನ ಎರಡು ಪೈಪು ಸೇರಿದರೆ 8ರ ಹತ್ತಿರ. ಇಷ್ಟು ವ್ಯತ್ಯಾಸಕ್ಕೆ ಎರಡು ಪಟ್ಟು ಪೈಪು, ಎರಡು ಬಳುಕು, ಎರಡರ ತೂಕ. ಎರಡೂವರೆ ಇಂಚಿನ ಜೋಡಿಯಾದರೆ 9.8 ಆಗುತ್ತದೆ, ಆದರೆ ಕಂಪನಿ ಎಂಜಿನ್ನಿಗೆ ಅಷ್ಟು ಬೇಕಾಗಿಯೇ ಇಲ್ಲ. ಮಫ್ಲರ್‌ವರೆಗೆ ಒಂದೇ ಪೈಪು ಬಂದು, ಆಮೇಲೆ ಕವಲೊಡೆದು ಎಡಕ್ಕೊಂದು ಬಲಕ್ಕೊಂದು ಹೋದರೆ ಅದು ಶುದ್ಧ ಅಲಂಕಾರ. ಅಲಂಕಾರ ಬೇಡವೆಂದಲ್ಲ, ಅದನ್ನು ಶಕ್ತಿ ಎಂದು ನಂಬಿ ದುಡ್ಡು ಕೊಡಬೇಡಿ.

ಜೋಡಿ ಬೇಕೇಬೇಕು ಎನ್ನುವವರಿಗೆ ಎಡಬಲ ಹಂಚುವುದಕ್ಕಿಂತ ಎರಡನ್ನೂ ಬಲಗಡೆಯೇ ಒಟ್ಟಿಗೆ, ಚಕ್ರ ದಾಟಿ ಬಿಡಿಸುವುದು ಮೇಲು. ಎಡಗಡೆಯ ಪೈಪು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಸಾಗಬೇಕಾಗುತ್ತದೆ, ಅಲ್ಲಿ ತಗಡಿನ ಶಾಖತಡೆ ಇಲ್ಲದೆ ಯಾವ ಒಳ್ಳೆಯ ಮೆಕ್ಯಾನಿಕ್ಕೂ ಕೆಲಸ ಮುಗಿಸುವುದಿಲ್ಲ. ಚಿಕ್ಕ ಓಡಾಟದ ಗಾಡಿಗಳಲ್ಲಿ ಇನ್ನೊಂದು ತೊಂದರೆ: ಹೊಗೆ ಎರಡಾಗಿ ಹಂಚಿಹೋಗುವುದರಿಂದ ಪೈಪು ಬೇಗ ಬಿಸಿಯೇರದೆ ಒಳಗಿನ ನೀರು ಆರದೆ ಉಳಿದು ಒಳಗಿಂದಲೇ ತುಕ್ಕು ಹಿಡಿಯುತ್ತದೆ.

ಮೇಲಕ್ಕೆ

ತೊಟ್ಟಿಯನ್ನು ಕೊರೆದು ಕ್ಯಾಬಿನ್ ಹಿಂದೆ ಲಾರಿಗಳಂತೆ ಹೊಗೆಗೊಳವೆ ನಿಲ್ಲಿಸುವುದು. 1978–79ರ ಡಾಜ್ ಲಿಲ್ ರೆಡ್ ಎಕ್ಸ್‌ಪ್ರೆಸ್‌ಗೆ ಕಂಪನಿಯೇ ಎರಡು ಕ್ರೋಮ್ ಕೊಳವೆ ನಿಲ್ಲಿಸಿತ್ತು, ಮರದ ಪಟ್ಟಿ ಹೊಡೆದ ಕೆಂಪು ಗಾಡಿ, ನಿಜಕ್ಕೂ ಸುಂದರ. ದೊಡ್ಡ ಲಾರಿಗೆ ಇದು ಕೆಲಸದ ವ್ಯವಸ್ಥೆ, ಪಿಕಪ್ಪಿಗೆ ವೇಷ. ತೊಟ್ಟಿಯ ಜಾಗ ಹೋಗುತ್ತದೆ, ಮಳೆ ಒಳಗೆ ಬೀಳುತ್ತದೆ, ಸಾಮಾನು ಹೇರುವಾಗ ಕೈ ಸುಡುತ್ತದೆ, ಗೂಡು ಹಾಕಲು ಬರುವುದಿಲ್ಲ, ಮಾರುವಾಗ ತೂತು ಬಿದ್ದ ತೊಟ್ಟಿ ಉಳಿಯುತ್ತದೆ.

ಡೀಸೆಲ್ ಗಾಡಿಯವರಿಗೆ ಒಂದು ಮಾತು

ಈಗಿನ ಡೀಸೆಲ್ ಪಿಕಪ್ಪುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇರುತ್ತದೆ. ಅದು ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಜರಡಿಯೊಳಗಿನ ಶಾಖ 600 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಫೋರ್ಡ್ ತನ್ನ 2008ರ ಮಾದರಿಯ ಸೂಪರ್ ಡ್ಯೂಟಿ ಡೀಸೆಲ್ ಗಾಡಿಗಳಲ್ಲಿ ಕೆಲವು ಟೇಲ್ ಪೈಪಿನಿಂದ ಬೆಂಕಿ ಉಗುಳಿದವೆಂದು 2007ರಲ್ಲಿ 37 ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಸಿಕೊಂಡಿತ್ತು. ಕೆಲವು ಡೀಸೆಲ್ ಗಾಡಿಗಳ ತುದಿಯಲ್ಲಿ ಪೈಪಿಗೂ ಹೊರಕವಚಕ್ಕೂ ನಡುವೆ ಒಂದು ಸಂದಿ ಕಾಣುತ್ತದಲ್ಲ, ಅದು ಹೊರಗಾಳಿಯನ್ನು ಎಳೆದು ಹೊಗೆಯೊಂದಿಗೆ ಬೆರೆಸಿ ತಣ್ಣಗೆ ಮಾಡುವ ಉಪಾಯ. ಅದನ್ನು ಕತ್ತರಿಸಿ ಹೊಳೆಯುವ ತುದಿ ಹಾಕಿಸಿದರೆ ಕಳೆದುಕೊಂಡದ್ದು ಏನೆಂದು ಒಣಹುಲ್ಲಿನ ಮೇಲೆ ನಿಲ್ಲಿಸಿದ ದಿನ ತಿಳಿಯುತ್ತದೆ.

ಅರಸೀಕೆರೆಯ ಬೊಲೆರೊ

ಅಣ್ಣನಿಗೆ ನಾನು ಮೊದಲು ಹೇಳಿದ್ದು: ಪಕ್ಕಕ್ಕೆ ಅಂದರೆ ಯಾವ ಪಕ್ಕಕ್ಕೆ? ಭಾರತದಲ್ಲಿ ಎಡ ಪಕ್ಕಕ್ಕೆ ಬಿಡುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 112ನೇ ನಿಯಮದ ಮೂಲ ಮಾತು ಇದು: ಹೊಗೆ ನೆಲಕ್ಕೂ ಬಡಿಯಬಾರದು, ಎಡಕ್ಕೂ ಹೋಗಬಾರದು, ಬಲಕ್ಕೆ ಇಲ್ಲವೇ ಹಿಂದಕ್ಕೆ ಹೋಗಬೇಕು. ಕೆಲವು ವಿನಾಯಿತಿಗಳಿವೆ, ಆದರೆ ತತ್ವ ಸ್ಪಷ್ಟ. ನಮ್ಮಲ್ಲಿ ಗಾಡಿ ಎಡಕ್ಕೆ ಓಡುತ್ತದೆ, ಬಸ್ಸಿಗೆ ಕಾಯುವವರು, ಸೈಕಲ್ಲಿನವರು, ತರಕಾರಿ ಗಾಡಿಯವರು ಎಲ್ಲರೂ ಎಡಗಡೆ. ಈ ಒಂದು ವಿಷಯದಲ್ಲಿ ನಮ್ಮ ನಿಯಮ ಅಮೆರಿಕದ ಪಿಕಪ್ಪುಗಳ ರೂಢಿಗಿಂತ ಜಾಣತನದ್ದು ಎಂದೇ ನನ್ನ ಅಭಿಪ್ರಾಯ. 113ನೇ ನಿಯಮ ಇನ್ನೊಂದು ಅಳತೆ ಕೊಡುತ್ತದೆ: ಸೈಲೆನ್ಸರ್ ಪೈಪು ಡೀಸೆಲ್, ಪೆಟ್ರೋಲ್ ಹರಿಯುವ ಪೈಪಿಗೆ 35 ಮಿಲಿಮೀಟರಿಗಿಂತ ಹತ್ತಿರ ಬರಬಾರದು. ಮೂಲೆ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವಾಗ ಯಾರೂ ಇದನ್ನು ಅಳೆಯುವುದಿಲ್ಲ.

ಎರಡನೆಯದು, ಬದಲಾವಣೆ ಮಾಡಿಸುವುದೇ ಅಪಾಯದ ಕೆಲಸ. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ವಿವರಿಸುತ್ತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ ಬಂದ ಮೇಲೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದು ಮಿತಿ ಮೀರಿದರೆ ಅದಕ್ಕೆ ಬೇರೆಯೇ ಕಲಮು, 10,000 ರೂಪಾಯಿವರೆಗೆ. ಬಾಡಿಗೆಗೆ ಓಡುವ ಗಾಡಿಗೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸುವ ಸಮಯದಲ್ಲಿ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಅಣ್ಣನ ಗಾಡಿಗೆ ನನ್ನ ಸಲಹೆ ಸಪ್ಪೆ: ಕಂಪನಿ ಎಲ್ಲಿ ಬಿಟ್ಟಿದೆಯೋ ಅಲ್ಲೇ ಇರಲಿ, ತೂತು ಬಿದ್ದರೆ ಅದೇ ಮಾದರಿಯದನ್ನು ಹಾಕಿಸು.

"ಹಂಗಲ್ಲ ಕಣೋ, ಜಾತ್ರೆಗೆ ಹೋಗೋವಾಗ ಹಿಂದೆ ಕೂತೋರಿಗೆ ಹೊಗೆ ಬರುತ್ತೆ ಅಂತಾರೆ" ಎಂದ ಅಣ್ಣ. ಅಸಲಿ ವಿಷಯ ಆಗ ಹೊರಬಂತು. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ, ಆದರೂ ಮದುವೆಗೆ, ಜಾತ್ರೆಗೆ, ಕೂಲಿಗೆ ಹೀಗೇ ಹೋಗುತ್ತಾರೆ, ಮಳೆ ಬಂದರೆ ಮೇಲೆ ಟಾರ್ಪಾಲು ಎಳೆದುಕೊಳ್ಳುತ್ತಾರೆ. ಆ 20 ಮಕ್ಕಳಲ್ಲಿ ಮೂವರು ಇದ್ದದ್ದು ಇಂಥದೇ ಟಾರ್ಪಾಲಿನ ಕೆಳಗೆ ಎಂದು ಹೇಳಿದೆ. ಡೀಸೆಲ್ ಹೊಗೆಯಲ್ಲಿ ಪೆಟ್ರೋಲಿನಷ್ಟು ಕಾರ್ಬನ್ ಮಾನಾಕ್ಸೈಡ್ ಇರುವುದಿಲ್ಲ ಎನ್ನುವುದು ನಿಜ, ಮಸಿಯೂ ಬೇರೆ ವಿಷಗಳೂ ಇರುತ್ತವೆ. ಸೈಲೆನ್ಸರ್ ಬಾಯಿ ಯಾವ ಕಡೆ ತಿರುಗಿಸಿದರೂ ಆ ಸವಾರಿಗೆ ಪರಿಹಾರ ಸಿಗುವುದಿಲ್ಲ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಬಿಡು, ಈ ಸಲ ಟೆಂಪೊ ಟ್ರಾವೆಲರ್ ಮಾಡ್ಸಾಣ" ಅಂದ.

ಹುಲ್ಲು ಹೇರುವವರಿಗೆ ಇನ್ನೊಂದು ಎಚ್ಚರ. ರಾಗಿ ಹುಲ್ಲನ್ನು ತೊಟ್ಟಿಯಿಂದಾಚೆ ಪಕ್ಕಕ್ಕೆ ಚಾಚುವಂತೆ ಹೇರುತ್ತೇವೆ. ಇಳಿಬಿದ್ದ ಹುಲ್ಲಿನ ಅಡಿಯಲ್ಲೇ ಪಕ್ಕದ ಬಾಯಿ ಬಂದರೆ ಕಥೆ ಮುಗಿಯಿತು. ಸುಗ್ಗಿಯಲ್ಲಿ ರಸ್ತೆಗೆ ಹರಡಿದ ಹುರುಳಿ ಬಳ್ಳಿ ಅಡಿಗೆ ಸಿಕ್ಕಿ ಹೊತ್ತಿ ಉರಿದ ಕಾರುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಡಿಯಲ್ಲಿ ಪೈಪು ತಗ್ಗಿದಷ್ಟೂ ಆ ಅಪಾಯ ಹತ್ತಿರ.

ಅಂಗಡಿಯಲ್ಲಿ ಏನು ಹೇಳಬೇಕು

ಕೊನೆಗೆ ನಾನು ಹಾಕಿಸಿಕೊಂಡದ್ದು ಮೊದಲು ಇದ್ದದ್ದೇ: ಒಂದೇ 3 ಇಂಚಿನ ಪೈಪು, ಬಲಗಡೆ, ಹಿಂದಿನ ಚಕ್ರ ದಾಟಿ, ಓರೆಯಾಗಿ ಪಕ್ಕಕ್ಕೆ. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಕೇಳಿದೆ. ಅಲ್ಯುಮಿನಿಯಂ ಲೇಪದ ಸಾದಾ ಉಕ್ಕು ಅಗ್ಗ. ಉಪ್ಪು ಹಾಕದ ಊರಿನಲ್ಲಿ ಅದೇ ಸಾಕು, ಇಲ್ಲಿ ಸಾಲದು. ಸದ್ದು ಬೇರೆ ಮಾಡಿಕೊಳ್ಳುವ ಆಸೆ ಪೂರ್ತಿ ಬಿಟ್ಟಿರಲಿಲ್ಲ, ಆದ್ದರಿಂದ ಸ್ವಲ್ಪ ಬಾಯಿಬಿಡುವ ಮಫ್ಲರನ್ನೇ ಆರಿಸಿ, ಆ 120 ಹರ್ಟ್ಸಿನ ಗುಂಯ್‌ಕಾರಕ್ಕೆ ಪಕ್ಕದಲ್ಲಿ ಒಂದು ತುದಿ ಮುಚ್ಚಿದ ಕವಲು ಪೈಪು ಸೇರಿಸಿಸಿದೆ. ಅದರೊಳಗೆ ಹೋಗಿ ಗೋಡೆಗೆ ಬಡಿದು ಮರಳುವ ಅಲೆ ಬರುವ ಅಲೆಯನ್ನು ಕೊಲ್ಲುತ್ತದೆ. ಬಿಸಿ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 500 ಮೀಟರ್ ಎಂದಿಟ್ಟುಕೊಂಡರೆ ಕವಲಿನ ಉದ್ದ ಅಲೆಯುದ್ದದ ಕಾಲುಭಾಗ, ಅಂದರೆ ಒಂದು ಮೀಟರಿಗೆ ಸ್ವಲ್ಪ ಹೆಚ್ಚು. ನಿಮ್ಮ ಗಾಡಿ ಎಷ್ಟು ಸುತ್ತಿಗೆ ಗುಂಯ್‌ಗುಡುತ್ತದೆ ಎಂದು ನೋಡಿಕೊಂಡು ಹೋದರೆ ಮೆಕ್ಯಾನಿಕ್ಕಿಗೂ ಅನುಕೂಲ.

ಬೆಸುಗೆ ಹಾಕುವ ಮುನ್ನ ಗಾಡಿಯನ್ನು ಚಕ್ರದ ಮೇಲೇ ನಿಲ್ಲಿಸಿಕೊಂಡು ಎಕ್ಸೆಲ್ ಅಂತರ ಅಳೆಯಿರಿ. ಲಿಫ್ಟಿನಲ್ಲಿ ಎಕ್ಸೆಲ್ ಜೋತುಬಿದ್ದಿರುವಾಗ ಅಂತರ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಸ್ಟೆಪ್ನಿ ಇಳಿಸಿ ಏರಿಸಿ ನೋಡಿ. ಪೈಪನ್ನು ತೂಗುಹಾಕುವ ರಬ್ಬರ್ ಹ್ಯಾಂಗರುಗಳನ್ನು ಹಳೆಯವೇ ಇರಲಿ ಎನ್ನಬೇಡಿ. ಪೈಪಿನ ಅತಿ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಒಂದು ಸಣ್ಣ ತೂತು ಇರಲಿ. ತುದಿ ಗಾಡಿಯ ಅಂಚಿನವರೆಗೆ ಬರಬೇಕು, ಆದರೆ ಕಾಲಿಗೆ ತಗಲುವಷ್ಟಲ್ಲ.

ಮನೆಗೆ ಬಂದ ಮೇಲೆ, ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಸೂಚಕವೊಂದನ್ನು, ಅಂಕಿ ತೋರಿಸುವಂಥದ್ದನ್ನು, ಹಿಂದಿನ ಸೀಟಿನ ಮೇಲಿಟ್ಟು ಜಾರುವ ಕಿಟಕಿ ತೆರೆದುಕೊಂಡು ಒಂದು ಸುತ್ತು ಹೋಗಿಬನ್ನಿ. ತಣ್ಣನೆ ಎಂಜಿನ್ನಿನಲ್ಲಿ ಒಮ್ಮೆ, ಸಿಗ್ನಲ್ಲಿನಲ್ಲಿ ನಿಂತು ಒಮ್ಮೆ, ಹೆದ್ದಾರಿಯಲ್ಲಿ ಒಮ್ಮೆ. ಹಳೆಯ ಪೈಪಿದ್ದಾಗ ನನ್ನದು ಸಿಗ್ನಲ್ಲಿನಲ್ಲಿ ಅಂಕಿ ಏರಿಸುತ್ತಿತ್ತು. ಈಗ ಮೂರು ಕಡೆಯೂ ಸೊನ್ನೆ.